ಹೆಬ್ಬೆರಳಿನ ಬುಡ

"ಈಗ ಸ್ವಲ್ಪ ಕರೆಂಟು ಕೊಡ್ತೀನಿ, ಹೆದ್ರುಕೋಬೇಡಿ," ಎಂದಳು ಟೆಕ್ನಿಷಿಯನ್ ರಂಜಿತ.

ಬೇರೆ ದಿನವಾಗಿದ್ದರೆ ನಯಾಜ್ ಪಾಷಾ ನಕ್ಕುಬಿಡುತ್ತಿದ್ದ. ಭಾರತೀನಗರದಲ್ಲಿ ಇಪ್ಪತ್ತೆಂಟು ವರ್ಷದಿಂದ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿ ಜೀವ ಕೊಡುತ್ತಿದ್ದವನಿಗೆ ಕರೆಂಟಿನ ಪಾಠ ಹೇಳಲು ಬಂದಿದ್ದಾಳೆ ಈ ಹುಡುಗಿ. ಆದರೆ ಮಂಡ್ಯದ ಆಸ್ಪತ್ರೆಯ ಮಂಚದ ಮೇಲೆ ಬಲಗೈ ಚಾಚಿ ಮಲಗಿದ್ದವನಿಗೆ ಇವತ್ತು ನಗು ಬರಲಿಲ್ಲ.

ಆರು ತಿಂಗಳಿಂದ ಹೆಬ್ಬೆರಳಿನ ಬುಡದ ಮಾಂಸ ಬತ್ತುತ್ತಾ ಬಂದು ಅಲ್ಲೊಂದು ಗುಳಿ ಬಿದ್ದಿತ್ತು. ಸ್ಕ್ರೂಡ್ರೈವರ್ ಹಿಡಿದರೆ ಜಾರುತ್ತಿತ್ತು. ಅಂಗಡಿಯ ಶಟರ್ ಅರ್ಧ ಎಳೆದು, ಒಳಗೆ ಹೆಂಡತಿ ಮುಸರತ್ ಕೈಲಿ ತಂತಿ ಸುತ್ತಿಸಿ, ಹೊರಗೆ ತಾನೇ ಸುತ್ತಿದ್ದೆಂದು ಎದೆಯುಬ್ಬಿಸಿ ಕೊಡುತ್ತಿದ್ದ. ಜಂಬಕ್ಕೇನೂ ಕೊರತೆಯಿರಲಿಲ್ಲ. ಡಾಕ್ಟರು ಮಾತ್ರ ಮುಚ್ಚುಮರೆಯಿಲ್ಲದೆ ಹೇಳಿದ್ದರು: ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ. ಅಲ್ಲಿ ಕರೆಂಟು ಕೊಟ್ಟಾಗ ಹೆಬ್ಬೆರಳು ಇಷ್ಟಾದರೂ ಕುಣಿದರೆ ನರದಲ್ಲಿನ್ನೂ ಜೀವವಿದೆ, ಆಪರೇಷನ್ ಮಾಡಿ ನೋಡಬಹುದು. ಕುಣಿಯದಿದ್ದರೆ ಆ ಕೈಯ ಆಸೆ ಬಿಡಬೇಕು.

ರಂಜಿತ ಹೆಬ್ಬೆರಳಿನ ಬುಡವನ್ನು ಸ್ಪಿರಿಟ್‌ನಲ್ಲಿ ಒರೆಸಿ ಯಂತ್ರದ ವೈರಿನ ಬಿಲ್ಲೆಗಳನ್ನು ಅಂಟಿಸಿದಳು. ಎರಡು ಮೊನೆಯ ಕಡ್ಡಿಯೊಂದನ್ನು ಮಣಿಕಟ್ಟಿಗೆ ಒತ್ತಿ ಗುಂಡಿ ಅದುಮಿದಳು. ಯಂತ್ರ ಟಿಕ್ಕೆಂದಿತು. ಹೆಬ್ಬೆರಳು ಮಲಗಿದ ಹಾಗೇ ಇತ್ತು. ಕರೆಂಟು ಹೆಚ್ಚಿಸಿ ಮತ್ತೆ ಒತ್ತಿದಳು. ಯಂತ್ರದ ಪರದೆಯ ಮೇಲಿನ ಗೆರೆ ಅಲುಗಲಿಲ್ಲ.

ಏನಾದರೂ ಗೊತ್ತಾಯಿತೇ ಎಂದು ಕೇಳಿದಳು. ಗೊತ್ತಾಯಿತು ಎಂದ ನಯಾಜ್. ಹಸಿ ಸುಳ್ಳು. ಬಾಗಿಲ ಬಳಿ ನಿಂತಿದ್ದ ಮುಸರತ್ ಅದನ್ನು ತಿಳಿದು ಮುಖ ಅತ್ತ ತಿರುಗಿಸಿಕೊಂಡಳು.

ಮೂರನೆಯ ಸಲವೂ ಅದೇ. ಇಷ್ಟು ವರ್ಷ ತನ್ನ ಮಾತು ಕೇಳಿದ ಕೈ ಈಗ ತನ್ನದೇ ಅಲ್ಲವೆನ್ನಿಸಿ ನಯಾಜ್‌ಗೆ ಅಳು ಒತ್ತರಿಸಿ ಬಂತು. ಐವತ್ತು ದಾಟಿದ ಗಂಡಸು ಹುಡುಗಿಯ ಮುಂದೆ ಅಳುವುದುಂಟೇ ಎಂದು ತುಟಿ ಕಚ್ಚಿದ.

ರಂಜಿತ ಹುಬ್ಬು ಗಂಟಿಕ್ಕಿ ವೈರುಗಳನ್ನು ಮುಟ್ಟಿಮುಟ್ಟಿ ನೋಡಿದಳು. "ಕೈಗೇನಾದ್ರೂ ಹಚ್ಚಿದ್ದೀರಾ? ಎಣ್ಣೆ, ಮುಲಾಮು?"

ಎಂಥದೂ ಇಲ್ಲವೆಂದ. ಆಗ ಮುಸರತ್ ಸರಸರನೆ ಬಂದು ಅವನ ಮಣಿಕಟ್ಟನ್ನು ಉಗುರಿನಿಂದ ಕೆರೆದಳು. ತೆಳ್ಳನೆಯ ಹೊಳಪು ಪೊರೆಯೊಂದು ಸುರುಳಿಯಾಗಿ ಎದ್ದು ಬಂತು. ವಾರ್ನಿಶ್! ತಂತಿ ಕೊಯ್ದ ಗಾಯಕ್ಕೆಲ್ಲ ಮೋಟರಿನ ವಾರ್ನಿಶ್ ಬಳಿದುಕೊಳ್ಳುವುದು ಅವನ ಕಸುಬಿನವರ ಅಭ್ಯಾಸ; ಅದನ್ನು ಯಾರೂ ಮುಲಾಮೆಂದು ಎಣಿಸುವುದಿಲ್ಲ. ಡಾಕ್ಟರಿಗೆ ಗಾಯ ಕಾಣಬಾರದೆಂದು ನಿನ್ನೆ ಮಣಿಕಟ್ಟಿನಿಂದ ಹೆಬ್ಬೆರಳಿನವರೆಗೆ ಎರಡು ಕೋಟು ಎಳೆದಿದ್ದ. ಕರೆಂಟು ತಡೆಯಲೆಂದೇ ಇರುವ ವಸ್ತು ಅದು. ತಂತಿಯ ತುದಿಯ ವಾರ್ನಿಶ್ ಕೆರೆಯದೆ ಜೋಡಿಸಿದವರನ್ನು ಕತ್ತೆಗಳೆಂದು ಬೈಯುತ್ತಿದ್ದವನೂ ಇವನೇ.

"ಕೆರ್ದಾಕವ್ವ," ಎಂದ ನಯಾಜ್ ರಂಜಿತಳಿಗೆ, ನಾಚಿಕೆಯಿಂದ. "ಚರ್ಮ ಕಿತ್ಕೊಂಡ್ ಬಂದ್ರೂ ಪರ್ವಾಗಿಲ್ಲ."

ರಂಜಿತ ಮರಳಿನಂಥ ಮುಲಾಮು ಹಾಕಿ ಉಜ್ಜತೊಡಗಿದಳು. ಬಹಳ ಹೊತ್ತು ಹಿಡಿಯಿತು. ಚರ್ಮ ಕೆಂಪಗಾಗುತ್ತಿದ್ದಂತೆ ನಯಾಜ್‌ನ ಭಯ ಇಳಿಯುವ ಬದಲು ಏರಿತು. ಇಲ್ಲಿಯವರೆಗೆ ವಾರ್ನಿಶ್‌ನ ಮೇಲೆ ತಪ್ಪು ಹೊರಿಸಬಹುದಿತ್ತು. ಇನ್ನು ಹೊರಿಸಲು ಏನೂ ಉಳಿದಿರಲಿಲ್ಲ. ಸ್ವಲ್ಪ ತಡಿ ಎನ್ನಬೇಕೆನಿಸಿತು. ಬಿಲ್ಲೆಗಳು ಮತ್ತೆ ಅಂಟಿದವು. ಕಡ್ಡಿ ಮಣಿಕಟ್ಟಿಗೆ ಬಂತು.

ಟಿಕ್.

ಏನೂ ಇಲ್ಲ. ರಂಜಿತ ಕರೆಂಟು ಹೆಚ್ಚಿಸಿದಳು.

ಟಿಕ್.

ಕೆಂಡ ಇಟ್ಟಂತಾಗಿ ನಯಾಜ್ "ಯಾ ಅಲ್ಲಾ" ಎಂದು ಚೀರಿದ. ಗುಳಿಬಿದ್ದ ಜಾಗದಲ್ಲಿ ಚರ್ಮ ಮಿಸುಕಿತು. ಹೆಬ್ಬೆರಳು ಒಂದು ಕೂದಲೆಳೆಯಷ್ಟು ಮೇಲೆದ್ದು ಬಿದ್ದಿತು. ಪರದೆಯ ಗೆರೆಯಲ್ಲಿ ಸಣ್ಣದೊಂದು ಉಬ್ಬು ಮೂಡಿತ್ತು.

"ತೀರಾ ಸಣ್ಣದು. ಆದ್ರೂ ಐತೆ," ಎಂದಳು ರಂಜಿತ. ಇನ್ನು ಡಾಕ್ಟರು ನೋಡುತ್ತಾರೆ, ಇಷ್ಟು ಸಾಕು ಎಂದು ವೈರು ಕೀಳಲು ಬಗ್ಗಿದಳು.

"ಇನ್ನೊಂದ್ಸಲ ಕೊಡವ್ವ."

"ನೋಯುತ್ತಲ್ಲ?"

"ನೋಯ್ಲಿ ಬುಡವ್ವ. ಕೊಡು. ಇವ್ಳು ಸರ್ಯಾಗಿ ನೋಡ್ನಿಲ್ಲ."

ಮುಸರತ್ ಅವನ ಅಂಗೈ ಮೇಲೆ ಬಗ್ಗಿ, ಉಸಿರು ಬಿಗಿಹಿಡಿದು, ಹೆಬ್ಬೆರಳನ್ನೇ ನೋಡುತ್ತಾ ನಿಂತಳು.