ಮಾತ್ರೆ ಏರುವಾಗ ಕೈಯಲ್ಲಿ ಏನಿತ್ತು

ನನಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇದೆ ಎಂದು ಡಾಕ್ಟರ್ ಹೇಳಿದಾಗ ನನಗೆ ನಲವತ್ತನಾಲ್ಕು ವರ್ಷ. ಅದನ್ನು ಪತ್ತೆ ಹಚ್ಚಲು ಹತ್ತು ಪುಟದ ಪ್ರಶ್ನೆಗಳನ್ನು ಮನೆಯಲ್ಲಿ ತುಂಬಿ ತನ್ನಿ ಎಂದಿದ್ದರು. ಮೊದಲ ಸಲ ಮರೆತು ಹೋದೆ. ಎರಡನೆಯ ಸಲ ಮರೆಯಲಿಲ್ಲ, ಕಾರಿನ ತಲೆಯ ಮೇಲಿಟ್ಟು ಕಾರು ಓಡಿಸಿಕೊಂಡು ಬಂದಿದ್ದೆ. ಆ ಹತ್ತು ಪುಟ ಡುಲೂತ್ ಊರಿನ ಇಳಿಜಾರುಗಳಲ್ಲಿ ಎಲ್ಲಿ ಹಾರಿಹೋದವೋ!

"ಬಿಡಿ ಲೋರ್ನಾ, ಅರ್ಧ ಪರೀಕ್ಷೆ ಆಗಲೇ ಪಾಸಾಗಿದ್ದೀರಿ" ಎಂದು ಡಾಕ್ಟರ್ ನಕ್ಕರು.

ಮಾತ್ರೆ ಬರೆದುಕೊಟ್ಟರು. ಒಂದೇ ಷರತ್ತು: ತಿಂಗಳಿಗಾಗುವಷ್ಟು ಮಾತ್ರ ಕೊಡುತ್ತಾರೆ, ಮುಗಿಯುವ ಹೊತ್ತಿಗೆ ನಾನೇ ನೆನಪಿಟ್ಟುಕೊಂಡು ಫೋನ್ ಮಾಡಬೇಕು. ಮರೆಯುವವರ ಮಾತ್ರೆಗೆ ಈ ನಿಯಮ ಮಾಡಿದ ಮಹಾನುಭಾವ ಯಾರೋ, ಅವನ ಹೊಟ್ಟೆ ತಣ್ಣಗಿರಲಿ.

ಮಾತ್ರೆ ನುಂಗಿದ ಮೊದಲ ದಿನವೇ ಅದರ ಗುಟ್ಟು ಗೊತ್ತಾಯಿತು. ಏರಲು ಮುಕ್ಕಾಲು ಗಂಟೆ ಬೇಕು. ಏರುವ ಹೊತ್ತಿಗೆ ಕೈಯಲ್ಲಿ ಏನಿರುತ್ತದೋ ಮನಸ್ಸು ಅದಕ್ಕೇ ಅಂಟಿಕೊಳ್ಳುತ್ತದೆ. ನನ್ನ ಕೈಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಇತ್ತು. ಮಧ್ಯಾಹ್ನದವರೆಗೆ ಫ್ರಿಜ್ ಬಾಗಿಲಿನ ರಬ್ಬರ್ ಉಜ್ಜಿದೆ. ನಲವತ್ತನಾಲ್ಕು ವರ್ಷದಲ್ಲಿ ನನ್ನ ತಲೆಯೊಳಗೆ ಅಷ್ಟು ನಿಶ್ಶಬ್ದ ಇದ್ದದ್ದು ಅದೇ ಮೊದಲು, ಸಂತೋಷಕ್ಕೆ ಅಳು ಬಂತು. ಕೆಲಸಕ್ಕೆ ಹೋಗಲಿಲ್ಲ ಎನ್ನುವುದು ಬೇರೆ ಮಾತು.

ಈಗ ನನ್ನ ಮಗಳು ಟೆಸ್ಸಾಳ ಡ್ರೈವಿಂಗ್ ಪರೀಕ್ಷೆಯ ವಿಷಯ. ಹದಿನೇಳರ ಹುಡುಗಿ. ಪರೀಕ್ಷೆಗೆ ಅವಳನ್ನು ಕರೆದೊಯ್ಯಬೇಕಾದವಳು ನಾನು. ಒಮ್ಮೆ ತಾರೀಖು ತಪ್ಪಿಸಿದ್ದೆ, ಇನ್ನೊಮ್ಮೆ ಊರೇ ತಪ್ಪಿಸಿದ್ದೆ. ಅವಳೋ ಎಲ್ಲವನ್ನೂ ಬರೆದಿಡುವವಳು. ಫ್ರಿಜ್ಜಿನ ಮೇಲೆ ಚೀಟಿ, ಕನ್ನಡಿಯ ಮೇಲೆ ಚೀಟಿ, ಫೋನಿನಲ್ಲಿ ದಿನಕ್ಕೆ ಹದಿನಾಲ್ಕು ಅಲಾರಂ. ನನ್ನ ಹೊಟ್ಟೆಯಲ್ಲಿ ಇಂಥವಳು ಹೇಗೆ ಹುಟ್ಟಿದಳು ಎಂದು ಬೆರಗಾಗುತ್ತಿದ್ದೆ.

"ಇದೇ ಕೊನೆ ಸಲ ಅಮ್ಮ" ಎಂದಿದ್ದಳು. "ಶುಕ್ರವಾರ ಒಂಬತ್ತೂ ಇಪ್ಪತ್ತಕ್ಕೆ. ಇದೂ ತಪ್ತೋ, ಶೆರಿಲ್ ಜೊತೆ ಹೋಗ್ತೀನಿ. ಕೊನೇ ವರ್ಷದ ಸ್ಕೂಲೂ ಅಪ್ಪನ ಮನೆಯಿಂದಾನೇ."

ಶೆರಿಲ್ ಎಂದರೆ ನನ್ನ ಮಾಜಿ ಗಂಡ ಕರ್ಟ್‌ನ ಈಗಿನ ಹೆಂಡತಿ. ಮಸಾಲೆ ಡಬ್ಬಿಗಳ ಮೇಲೆಲ್ಲ ಹೆಸರು ಅಂಟಿಸಿಟ್ಟವಳು. ಕೆಟ್ಟವಳಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು. ಮಗಳಿಲ್ಲದ ಮನೆಯನ್ನು ನೆನೆಯಲೂ ನನ್ನಿಂದ ಆಗುತ್ತಿರಲಿಲ್ಲ.

ಆದ್ದರಿಂದ ಲೆಕ್ಕ ಹಾಕಿದೆ. ಏಳಕ್ಕೆ ಮಾತ್ರೆ. ಏಳೂವರೆಗೆ ಸ್ಟಿಯರಿಂಗ್ ಹಿಡಿದು ಕೂರುವುದು. ಏರಿದರೆ ದಾರಿಯ ಮೇಲೇ ಏರಲಿ!

ಶುಕ್ರವಾರ ಎಲ್ಲವೂ ಸರಿಯಾಗಿಯೇ ನಡೆಯಿತು, ಏಳೂ ನಲವತ್ತರವರೆಗೆ. ಆಗ ಟೆಸ್ಸಾ, "ವಿಮೆ ಕಾರ್ಡ್ ಇದೆಯಲ್ವಾ? ಅದಿಲ್ದೆ ಪರೀಕ್ಷೆ ಮಾಡಲ್ಲ" ಎಂದಳು. ಡ್ಯಾಶ್‌ಬೋರ್ಡಿನ ಡ್ರಾಯರ್ ತೆರೆದೆ. ಒಂಬತ್ತು ವರ್ಷದ ಸಂಸಾರ ಮಡಿಲಿಗೆ ಸುರಿಯಿತು. ಸಾಸಿವೆ ಸಾಸ್ ಪೊಟ್ಟಣ, ಒಂಟಿ ಕೈಗವಸು, ಪಾರ್ಕಿಂಗ್ ದಂಡದ ಚೀಟಿ, ಯಾರದ್ದೋ ಹಾಲುಹಲ್ಲು. ಸರಿಯಾಗಿ ಅದೇ ಗಳಿಗೆಗೆ ಮಾತ್ರೆ ಏರಿತು.

"ಅಮ್ಮ, ಹೊರಡು."

"ಒಂದ್ನಿಮಿಷ. ಇವನ್ನ ವರ್ಷದ ಪ್ರಕಾರ ಜೋಡಿಸ್ತೀನಿ."

"ಅಮ್ಮಾ!"

"ಪೊಟ್ಟಣಗಳು ಬೇರೆ, ಚೀಟಿಗಳು ಬೇರೆ..."

ಎಂಟೂ ಮುಕ್ಕಾಲಾಯಿತು. ನಮ್ಮ ಮನೆಯಿಂದ ಪರೀಕ್ಷೆಯ ಕಚೇರಿಗೆ ಅರ್ಧ ಗಂಟೆ ದಾರಿ. ಟೆಸ್ಸಾ ಇಳಿದು ಸುತ್ತಿ ಬಂದು ನನ್ನ ಬಾಗಿಲು ತೆಗೆದಳು. "ಜರುಗು. ನಾನೇ ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತು ಅದೇನ್ ಬೇಕೋ ಮಾಡ್ಕೋ."

ಜರುಗಿದೆ, ಮಾಡಿಕೊಂಡೆ. ಕಿಟಕಿಯಾಚೆ ಸರೋವರ ಬಂತೋ ಹೋಯಿತೋ ನನಗೆ ಗೊತ್ತಿಲ್ಲ.

ಪರೀಕ್ಷಕರು ಓಡೆಗಾರ್ಡ್ ಎಂಬ ಗಂಟುಮುಖದ ಮನುಷ್ಯ. "ವಿಮೆ ಕಾರ್ಡ್ ತೋರ್ಸಿ" ಎಂದರು. ಟೆಸ್ಸಾ ಕಣ್ಣು ಮುಚ್ಚಿಕೊಂಡಳು.

"ಯಾವ ವರ್ಷದ್ದು ಬೇಕು ಸಾರ್?" ಎಂದೆ. ಒಂಬತ್ತೂ ವರ್ಷದ್ದು ಸಾಲಾಗಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದೆ.

ಅವರು ಹುಬ್ಬೇರಿಸಿದರು. "ಈ ವರ್ಷದ್ದೇ ಸಾಕು ಕಣ್ರೀ. ಇಷ್ಟು ಶಿಸ್ತಿನ ತಾಯಿನ ನಾನು ಕಂಡೇ ಇಲ್ಲ." ಮಗಳ ಮುಖ ನೋಡಬೇಕಿತ್ತು ನೀವು.

ಅರ್ಧ ಗಂಟೆಯಲ್ಲಿ ಪಾಸಾಗಿ ಬಂದಳು. ಲೈಸೆನ್ಸಿನ ಹಳದಿ ಕಾಗದ ಬೀಸುತ್ತಾ ನನ್ನ ಕೊರಳಿಗೆ ಜೋತುಬಿದ್ದಳು. ನಾನು ಶೌಚಾಲಯಕ್ಕೆ ಹೋಗಿಬರುತ್ತೇನೆ ಎಂದು ಹೇಳಿ ಹೋದೆ. ಬಂದು ನೋಡಿದರೆ ಅವಳೂ ಇಲ್ಲ, ಕಾರೂ ಇಲ್ಲ.

ನಾನೇ ಎಲ್ಲೋ ನಿಲ್ಲಿಸಿ ಮರೆತೆನೇನೋ ಎಂದು ಅಂಗಳವನ್ನು ಮೂರು ಸುತ್ತು ಹಾಕಿದೆ. ಅಭ್ಯಾಸಬಲ! ಆಮೇಲೆ ನೆನಪಾಯಿತು, ಕಾರು ನಿಲ್ಲಿಸಿದವಳು ನಾನಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಅರ್ಧ ಗಂಟೆ ಬೆಂಚಿನ ಮೇಲೆ ಕೂತ ಮೇಲೆ ಅವಳೇ ಮಾಡಿದಳು.

"ಅಮ್ಮ! ಎಲ್ಲಿ ಹೋಗಿದೀಯ? ಮನೆ ತುಂಬ ಹುಡುಕ್ತಾ ಇದ್ದೀನಿ. ಇವತ್ತೊಂದಿನ ಮನೇಲಿ ಇರೋಕಾಗಲ್ವಾ ನಿಂಗೆ?"

"ನೀನು ಮನೆಗೆ ಹೇಗೆ ಹೋದೆ ಟೆಸ್ಸಾ?"

"ಕಾರಲ್ಲಿ. ಇನ್ಹೇಗೆ?"

"ಮತ್ತೆ ನಾನು?"

ಆ ಕಡೆ ಕಾರಿನ ಕೀ ಗೊಂಚಲು ನೆಲಕ್ಕೆ ಬಿದ್ದ ಸದ್ದಾಯಿತು.

"ಅಯ್ಯೋ" ಎಂದಳು ಕೊನೆಗೆ. "ಅಯ್ಯೋ ಅಮ್ಮ."

ನಾನು ಬಿದ್ದು ಬಿದ್ದು ನಕ್ಕೆ. ನಗುತ್ತಿದ್ದಂತೆಯೇ ಹೊಳೆಯಿತು. ಈ ಮಗು ಮನೆ ತುಂಬ ಚೀಟಿ ಅಂಟಿಸಿದ್ದು ನನಗಾಗಿ ಅಲ್ಲ, ತಾನು ಮರೆಯದಿರಲು. ನಾನು ಸೋತು ಕೈಬಿಟ್ಟದ್ದನ್ನು ಅವಳು ಹಲ್ಲುಕಚ್ಚಿ ಹಿಡಿದುಕೊಂಡಿದ್ದಳು. ಒಬ್ಬಳೇ, ಇಷ್ಟು ವರ್ಷ. ನನ್ನ ಮೇಲೆ ನನಗೇ ಸಿಟ್ಟು ಬಂತು.

"ನಂಗೂ ಅದೇ ಇದ್ಯಾ ಅಮ್ಮ?" ಎಂದಳು ಸಣ್ಣ ದನಿಯಲ್ಲಿ.

"ಇರಬಹುದು. ಇದ್ರೆ ನಂಗಿಂತ ಇಪ್ಪತ್ತೇಳು ವರ್ಷ ಮುಂಚೆ ಗೊತ್ತಾಯ್ತು ನಿಂಗೆ. ಈಗ ನಿಧಾನಕ್ಕೆ ಬಾ. ನಾನೆಲ್ಲೂ ಹೋಗಲ್ಲ."

ಬಂದಳು. ಕಣ್ಣು ಕೆಂಪಾಗಿತ್ತು. ಹತ್ತಿ ಕೂತು ಬೆಲ್ಟ್ ಹಾಕಿಕೊಂಡೆ. ಕೇಳದೆ ಇರಲಾಗಲಿಲ್ಲ.

"ಅಪ್ಪನ ಮನೆಗೆ ಯಾವಾಗ ಹೋಗೋದು ಅಂತಿದ್ದೀಯ?"

ಅವಳು ಕಾರನ್ನು ಹಿಂದಕ್ಕೆ ತೆಗೆಯುತ್ತಾ ಕನ್ನಡಿಯನ್ನೇ ನೋಡಿದಳು. "ಅಲ್ಲಿ ಯಾರೂ ಏನನ್ನೂ ಮರೆಯೋದೇ ಇಲ್ಲ ಅಮ್ಮ" ಎಂದಳು. "ಅಂಥ ಮನೇಲಿ ನಾನು ಹೇಗಿರ್ಲಿ?"