ಕೌದಿಯೊಳಗಿನ ಮೋರೆ

"ಮೂರು ಕೆಜಿ ಬಟ್ಟೆ ಕೊಟ್ಟು ಕಳಿಸಿದ್ದೆ. ಈಗ ತಕ್ಕಡಿ ಐದು ತೋರಿಸ್ತಿದೆ. ಮಿಕ್ಕಿದ ಎರಡು ಕೆಜೀನ ನಿಮ್ಮವ್ವ ಯಾವ ಹೆಣದ ಮೇಲಿಂದ ಎಳ್ಕೊಂಡು ಬಂದ್ಲೋ, ಬೋಳಿಮಗನೆ?"

ಸಾವ್ಕಾರ ಇದನ್ನು ಮೆಲ್ಲಗೆ ಕೇಳಲಿಲ್ಲ. ಅಂಗಡಿಯಲ್ಲಿದ್ದ ಏಳೆಂಟು ಜನಕ್ಕೂ, ಹೊರಗೆ ಸೈಕಲ್ಲಿಗೆ ಬೀಗ ಹಾಕುತ್ತಿದ್ದವನಿಗೂ ಕೇಳುವ ಹಾಗೆ ಕೇಳಿದ. ಕೌದಿ ಕೊಳ್ಳಲು ಬಂದಿದ್ದ ಗಂಡ ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದರು. ಹೆಂಡತಿ ಕೌದಿ ಮುಟ್ಟಿದ ಬೆರಳುಗಳನ್ನು ಕರ್ಚೀಫಿನಲ್ಲಿ ಒಂದೊಂದಾಗಿ ಒರೆಸಿಕೊಂಡಳು. ಶುರುವಾಗಿದ್ದೇ ಅವಳಿಂದ. "ಒಳಗೂ ಹೊಸ ಬಟ್ಟೆನೇ ಇದೆ ತಾನೆ? ಏನೋ ಹಳೇ ವಾಸನೆ" ಎಂದಿದ್ದಳು. ಗೋಡೆಯ ಮೇಲೆ 'ಹೊಚ್ಚ ಹೊಸ ಬಟ್ಟೆಯ ಕೈಹೊಲಿಗೆ ಕೌದಿಗಳು' ಎಂದು ಬೋರ್ಡು ತೂಗುತ್ತಿತ್ತು. ಸಾವ್ಕಾರ ಬೋರ್ಡು ಉಳಿಸಿಕೊಳ್ಳಬೇಕಿತ್ತು. ಎದುರಿಗೆ ಗಂಟು ನಿಂತಿದ್ದ.

ತಲೆಯ ಮೇಲೆ ಯಾವಾಗ ನೋಡಿದರೂ ಬಟ್ಟೆಯ ಗಂಟು, ಮುಖ ಯಾವಾಗ ನೋಡಿದರೂ ಗಂಟು. ಅವ್ವನೊಬ್ಬಳನ್ನು ಬಿಟ್ಟು ಗಲ್ಲಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಹಾಗೇ. ವಯಸ್ಸು ಇಪ್ಪತ್ತೆರಡು. ಈಗ ಅವನ ಬಾಯೂ ಗಂಟು. ಹೊರಡುವಾಗ ಅವ್ವ ಬಾಗಿಲಲ್ಲಿ ತಡೆದು ಹೇಳಿದ್ದಳು:

"ಅವನು ಏನಾದ್ರೂ ಬೊಗಳಲಿ, ನೀನು ಬಾಯಿ ಬಿಡಬೇಡ. ಮುಂದಿನ ಬಟ್ಟೆ ಇಸ್ಕೊಂಡು ಬಾ, ಅಷ್ಟೆ."

ಮುಂದಿನ ಬಟ್ಟೆ ಬರದಿದ್ದರೆ ಮನೆಯಲ್ಲಿ ಸೂಜಿಗೂ ಕೆಲಸವಿಲ್ಲ, ಒಲೆಗೂ ಕೆಲಸವಿಲ್ಲ. ಗಾರ್ಮೆಂಟ್ಸಿನ ಚಿಂದಿ ತುಂಬಿದ ಲಾರಿ ಊರಲ್ಲಿ ಬಂದು ನಿಲ್ಲುವುದು ಈ ಒಂದು ಅಂಗಡಿಯ ಮುಂದೆ ಮಾತ್ರ.

ಮೊದಲು ಒಂದು ಕೌದಿಗೆ ಐದು ಕೆಜಿ ಚಿಂದಿ ಕೊಡುತ್ತಿದ್ದ. "ರೇಟು ಏರಿದೆ" ಅಂತ ನಾಲ್ಕಕ್ಕೆ ಇಳಿಸಿದ. "ಇನ್ನೂ ಏರಿದೆ" ಅಂತ ಮೂರಕ್ಕೆ ಇಳಿಸಿದ. ಕೌದಿಯ ದಪ್ಪ ಮಾತ್ರ ಇಳಿಯುವ ಹಾಗಿರಲಿಲ್ಲ. ಮಡಿಸಿ, ಮೊಣಕೈ ಊರಿ ನೋಡುತ್ತಿದ್ದ. ಮೊಣಕೈಗೆ ನೆಲ ತಾಗಿದರೆ ಕೌದಿ ವಾಪಸ್ಸು. ಮಿಕ್ಕಿದ್ದಕ್ಕೆ ಏನು ತುಂಬೋದು ಅಂತ ಅವ್ವ ಒಮ್ಮೆ ಕೇಳಿದ್ದಕ್ಕೆ, "ನನ್ನ ಕೇಳಿ ಹೆತ್ತಿದ್ದೀಯಾ ಮಕ್ಕಳನ್ನ? ನೀನೇ ನೋಡ್ಕೋ" ಎಂದಿದ್ದ.

ಅವ್ವ ನೋಡಿಕೊಂಡಳು. ಮೊದಲು ಅಪ್ಪನ ಅಂಗಿಗಳು ಹೋದವು. ಆಮೇಲೆ ದಿಂಬಿನ ಚೀಲ, ಕಿಟಕಿಯ ಪರದೆ, ಅವ್ವನ ಎರಡು ಒಳ್ಳೆಯ ಬಟ್ಟೆ, ಗಂಟುವಿನ ಸ್ಕೂಲಿನ ಚಡ್ಡಿ. ಸ್ಕೂಲು ಬಿಟ್ಟು ಹನ್ನೊಂದು ವರ್ಷವಾದರೂ ಅವ್ವ ಆ ಚಡ್ಡಿಯನ್ನು ಮಡಿಸಿ ಇಟ್ಟಿದ್ದಳು ಎಂಬುದು ಅವನಿಗೆ ಗೊತ್ತಾಗಿದ್ದು ಅದು ಯಾರದೋ ಹಾಸಿಗೆಗೆ ಹೋಗುವ ದಿನ. ಮನೆಯಲ್ಲಿದ್ದದ್ದೆಲ್ಲ ಊರಿನ ಬೆನ್ನಿನ ಕೆಳಗೆ ಸೇರಿತು. ಚಳಿಗೆ ತಾವು ಹೊದೆಯುತ್ತಿದ್ದದ್ದು ಸಿಮೆಂಟಿನ ಚೀಲ.

ಹೆಣದ ಬಟ್ಟೆಯಂತೆ. ಅಪ್ಪ ಸತ್ತಾಗ ಹೊದಿಸಲು ಒಂದು ತುಂಡು ಬಿಳಿ ಬಟ್ಟೆ ಕೇಳಿಕೊಂಡು ಗಂಟು ಇದೇ ಮೆಟ್ಟಿಲು ಹತ್ತಿದ್ದ. "ಬೋಣಿ ಆಗಿಲ್ಲ, ಆಮೇಲೆ ಬಾ" ಎಂದಿದ್ದ ಇದೇ ಸಾವ್ಕಾರ. ಆಮೇಲಿನವರೆಗೆ ಕಾಯುವ ಸ್ಥಿತಿಯಲ್ಲಿ ಅಪ್ಪ ಇರಲಿಲ್ಲ. ಅವ್ವ ಅರ್ಧ ಹೊಲಿದಿದ್ದ ಕೌದಿಯನ್ನೇ ತೆಗೆದು ಗಂಡನ ಮೇಲೆ ಹೊದಿಸಿ ಕಳಿಸಿದಳು. ಆ ಕೌದಿಯ ಚಿಂದಿಯನ್ನು ಸಾವ್ಕಾರ ಅವಳ ಕೂಲಿಯಲ್ಲಿ ಮುರಿದುಕೊಂಡಿದ್ದ.

"ಬಾಯಲ್ಲಿ ಏನು ಇಟ್ಕೊಂಡಿದೀಯೋ? ಮೇಡಮ್ಮೋರು ಕೇಳ್ತಿದಾರೆ, ಹೇಳು. ಒಳಗೇನಿದೆ?"

ಒಳಗೇನಿದೆ ಎಂಬುದು ಗಂಟುವಿಗೆ ಚೆನ್ನಾಗಿ ಗೊತ್ತಿತ್ತು. ಆರು ಕೌದಿ ತಂದಿದ್ದ. ಅದರಲ್ಲಿ ಸಾವ್ಕಾರ ಕೈ ಹಾಕಿದ್ದು ಸರಿಯಾಗಿ ಆ ಒಂದಕ್ಕೇ.

ಎರಡು ತಿಂಗಳ ಹಿಂದೆ ಅಂಗಡಿಗೆ ಇಪ್ಪತ್ತೈದು ವರ್ಷ ತುಂಬಿತ್ತು. ರಸ್ತೆಗೆ ಅಡ್ಡಲಾಗಿ ಬಟ್ಟೆಯ ಹತ್ತಾರು ಬ್ಯಾನರು ಕಟ್ಟಿಸಿದ್ದ. ಒಂದೊಂದರಲ್ಲೂ ಆಳೆತ್ತರದ ಸಾವ್ಕಾರ, ಕೈಮುಗಿದು, ಹಲ್ಲು ಬಿಟ್ಟು. ಕೆಳಗೆ ದಪ್ಪ ಅಕ್ಷರದಲ್ಲಿ 'ಬಡವರ ಬಂಧು'. ಚಿಂದಿಯನ್ನು ಮೂರು ಕೆಜಿಗೆ ಇಳಿಸಿದ್ದು ಅದೇ ವಾರ. ಹದಿನೈದು ದಿನದ ಮೇಲೆ ಗಾಳಿಗೆ ಒಂದು ಬ್ಯಾನರು ಹರಿದು ಚರಂಡಿಗೆ ಬಿತ್ತು. ಗಂಟು ಅದನ್ನು ಹಿಂಡಿ ಮನೆಗೆ ತಂದ. ಅವ್ವ ಸೋಪು ಹಾಕಿ ಕುದಿಸಿದಳು, ಕಲ್ಲಿಗೆ ಬಡಿದಳು. ಚರಂಡಿ ಹೋಯಿತು, ಮೋರೆ ಹೋಗಲಿಲ್ಲ.

"ಎಂಥ ಗಟ್ಟಿ ಬಟ್ಟೆ ನೋಡೋ" ಎಂದಳು ಅವ್ವ, ಬಿಸಿಲಿಗೆ ಹಿಡಿದು. "ನಾವು ಮೈಮೇಲೆ ಕಾಣದ ಬಟ್ಟೆ ಇವನ ಹಲ್ಲಿಗೆ ಸಿಕ್ಕಿದೆ."

ಹೊಸ್ತಿಲಲ್ಲಿ ಕೂತು ಹೊಲಿಯುವಾಗ ಪಕ್ಕದ ಮನೆಯ ಚಿಕ್ಕಮ್ಮ ಬಂದು ಮೂತಿ ಗುರುತಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಕ್ಕಾ, ಆ ಕಣ್ಣಿಗೆ ಇನ್ನೆರಡು ಹೊಲಿಗೆ ಹಾಕೇ."

"ಕೊಟ್ಟ ಕೂಲಿಗೆ ಎಷ್ಟೋ ಅಷ್ಟೇ ಚುಚ್ಚೋದು ಕಣೆ. ಬಿಟ್ಟಿ ಯಾಕೆ ಚುಚ್ಚಲಿ?" ಎಂದಳು ಅವ್ವ. ಆದರೂ ಇನ್ನೆರಡು ಹಾಕಿದಳು.

"ಇವನು ಹೇಳಲ್ಲ ಬಿಡಿ ಮೇಡಂ. ನಿಮ್ಮ ಕಣ್ಣೆದುರೇ ಬಿಚ್ತೀನಿ. ಇಪ್ಪತ್ತೈದು ವರ್ಷದ ಮರ್ಯಾದೆ ನಂದು." ಸಾವ್ಕಾರ ಕತ್ತರಿ ತೆಗೆದುಕೊಂಡ.

ಮೇಲಿನ ಪದರ ಹರಿಯಿತು. ಹಿಟ್ಟಿನ ಚೀಲದ ತುಂಡೊಂದು ಹೊರಬಂತು. "ನೋಡಿ, ನೋಡಿ, ಕಳ್ಳಮುಂಡೆ ಕೆಲಸ ನೋಡಿ" ಎನ್ನುತ್ತ ಅದನ್ನು ಕಿತ್ತು ಎಸೆದ. ಅದರ ಕೆಳಗಿನಿಂದ ಒಂದು ಕಣ್ಣು ಅವನನ್ನೇ ನೋಡಿತು.

ಕಣ್ಣಿನ ಮೇಲೆ ಅಡ್ಡ ಉದ್ದ ಹೊಲಿಗೆ. ಕತ್ತರಿ ಇನ್ನೊಂದು ಗೇಣು ಮುಂದೆ ಹೋಯಿತು. ಮೀಸೆ ಬಂತು. ಹಲ್ಲು ಬಂತು, ಒಂದೊಂದು ಹಲ್ಲಿನ ನಡುವೆಯೂ ಕೆಂಪು ದಾರ. ಮಡಿಕೆಯಲ್ಲಿ ದಪ್ಪ ಅಕ್ಷರ, 'ಬಡವರ ಬಂ'.

ಗಂಡ ಬಗ್ಗಿ ನೋಡಿದ. "ನಿಮ್ಮ ಫೋಟೋನೇ ಅಲ್ವಾ? ಚೆನ್ನಾಗಿ ಬಂದಿದೆ" ಎಂದ. ಸೈಕಲ್ಲಿನವನು ಕಿಸಕ್ಕನೆ ನಕ್ಕ. ಹೆಂಡತಿ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡಳು.

ಸಾವ್ಕಾರನ ಕುತ್ತಿಗೆಯ ನರ ಉಬ್ಬಿತು. ಅವನು ಹಿಂದೆ ತಿರುಗಿ ನೋಡಿದ. ಗೋಡೆಗೆ ಒರಗಿಸಿ ಸೂರಿನವರೆಗೆ ಪೇರಿಸಿದ ಕೌದಿಗಳು ಅರವತ್ತಾದರೂ ಇದ್ದವು. ಎಲ್ಲ ಇದೇ ಗಲ್ಲಿಯ ಹೆಂಗಸರು ಹೊಲಿದದ್ದು. ಹೋದ ವಾರವಷ್ಟೇ ದೊಡ್ಡ ಹೋಟೆಲಿಗೆ ಇಪ್ಪತ್ತು ಹೋಗಿದ್ದವು.

"ಲೋ." ದನಿ ಇಳಿದಿತ್ತು. "ಇನ್ನೆಷ್ಟರಲ್ಲಿ ಇದೆಯೋ ಇದು?"

ಒಂದೇ. ಸಿಕ್ಕಿದ್ದು ಒಂದೇ ಬ್ಯಾನರು, ತುಂಬಿದ್ದು ಒಂದೇ ಕೌದಿಗೆ. ಮಾತು ಗಂಟುವಿನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಹೇಳಿದರೆ ಎರಡು ಏಟು ಬೀಳುತ್ತದೆ, ಕಾಲು ಹಿಡಿದರೆ ನಾಳೆಯೋ ನಾಡಿದ್ದೋ ಚಿಂದಿಯೂ ಸಿಗಬಹುದು.

"ಬಾಯಿ ಬಿಡೋ ಬೇವರ್ಸಿ! ಎಷ್ಟರಲ್ಲಿ ಇದೆ?"

ಬಾಯಿ ಬಿಡಬೇಡ ಎಂದಿದ್ದಳು ಅವ್ವ. ಗಂಟು ಖಾಲಿ ಚೀಲ ಕೊಡವಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ.

"ಹೋಗ್ತಾ ಇದೀಯಾ? ಹೇಳಿ ಹೋಗೋ! ಲೋ!"

ರಸ್ತೆಗೆ ಬಂದು ನಾಲ್ಕು ಹೆಜ್ಜೆ ಇಟ್ಟಿರಬೇಕು, ಹಿಂದೆ ಕತ್ತರಿಯ ಸದ್ದು ಕೇಳಿತು. ಸರ್ರನೆ ಒಂದು ಕೌದಿ ಹರಿಯಿತು. ಆಮೇಲೆ ಇನ್ನೊಂದು. ಚಿಕ್ಕಮ್ಮನದಿರಬಹುದು, ಅವ್ವನದಿರಬಹುದು, ಇಡೀ ಬೇಸಿಗೆ ಕೂತು ಹಾಕಿದ ಹೊಲಿಗೆ. ಎದೆಯೊಳಗೆ ಯಾರೋ ದಾರ ಹಿಡಿದು ಎಳೆದ ಹಾಗಾಯಿತು. ಅವನು ತಿರುಗಿ ನೋಡಲಿಲ್ಲ. ಮೂರನೆಯದು ಹರಿಯುತ್ತಿತ್ತು.