ಅತ್ತೆ ಹೇಳಿದ ಸಾಕ್ಷಿ

ಮದುವೆಯಾಗಿ ಆ ಮನೆಗೆ ಬಂದ ಹೊಸತರಲ್ಲಿ ಅವಳಿಗೂ ಅತ್ತೆಗೂ ನಡುವೆ ಹಾಲು ಬಂತಾ, ಬಾಗಿಲು ಹಾಕಿದೆಯಾ ಎನ್ನುವುದಕ್ಕಿಂತ ಹೆಚ್ಚಿನ ಮಾತಿರಲಿಲ್ಲ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ವರ್ಷಗಟ್ಟಲೆ ಬೇರೆಯವರ ಮಾತಿಗೆ ತಂತಿ ಜೋಡಿಸಿ ಜೋಡಿಸಿ, ತಮ್ಮ ಮಾತನ್ನು ಅಳೆದು ಸುರಿಯುವ ಅಭ್ಯಾಸ ಬಂದುಬಿಟ್ಟಿತ್ತು. ಸೊಸೆ ಕೆಲಸ ಮಾಡುತ್ತಿದ್ದುದು ಹಲ್ಲಿನ ಲ್ಯಾಬಿನಲ್ಲಿ. ದಂತವೈದ್ಯರು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ತಿದ್ದಿ, ಮುಖ ನೋಡದ ಜನರ ಬಾಯಿಗೆ ಹಲ್ಲು ಜೋಡಿಸುವ ಕೆಲಸ.

ಒಂದು ಭಾನುವಾರ ಮಡಿಸಿದ ಬಟ್ಟೆ ಇಡಲೆಂದು ಅತ್ತೆಯ ಬೀರು ತೆಗೆದಾಗ ಶಾಲುಗಳ ಹಿಂದೆ 'ದೀವಟಿಗೆಯವಳು' ಎಂಬ ಪತ್ತೇದಾರಿ ಮಾಲೆಯ ಪುಸ್ತಕಗಳು ಕಂಡವು. ಒಂದೂ ಬಿಡದೆ ಇಡೀ ಮಾಲೆ. ಓದಿ ಓದಿ ಬೆನ್ನು ಸವೆದು ಬಿಳಿಚಿಕೊಂಡಿದ್ದವು.

"ಅತ್ತೆ, ಇವನ್ನ ನೀವೂ ಓದ್ತೀರಾ?"

"ನೀವೂ ಅಂದ್ರೆ? ನೀನು ಓದಿದೀಯಾ?"

"ಎಂಟನೇದನ್ನ ನಾಕು ಸಲ ಓದಿದೀನಿ."

ಅತ್ತೆ ಕನ್ನಡಕ ಏರಿಸಿ ಅವಳನ್ನು ಆಗಷ್ಟೇ ಮನೆಗೆ ಬಂದವಳಂತೆ ನೋಡಿದರು. "ಎಂಟನೇದರಲ್ಲಿ ಏನಿದೆ ಮಣ್ಣು. ಐದನೇದು ತಗೋ, ಕುದುರೆ ಲಾಯದ್ದು. ಓದಿ ಆಮೇಲೆ ಮಾತಾಡು."

ಅದೊಂದು ಹಳೆಯ ರಾಜ್ಯದ ಕತೆ. ರಾಣಿಯ ಮುಂದೆ ದೀವಟಿಗೆ ಹಿಡಿದು ನಡೆಯುವ ಆಳು ಹೆಂಗಸೊಬ್ಬಳು ಅರಮನೆಯಲ್ಲಿ ನಡೆಯುವ ಕೊಲೆಗಳ ಗುಟ್ಟು ಬಿಡಿಸುತ್ತಾಳೆ. ಬೆಳಕು ಹಿಡಿದವಳ ಮುಖವನ್ನು ಯಾರೂ ನೋಡುವುದಿಲ್ಲವಾದ್ದರಿಂದ ಎಲ್ಲರೂ ಅವಳೆದುರೇ ಮಾತಾಡುತ್ತಾರೆ, ಎಲ್ಲರೂ ಅವಳೆದುರೇ ಸುಳ್ಳು ಹೇಳುತ್ತಾರೆ. ಕೋಟೆ, ಕಂದಕ, ಒಳಜಗಳ, ದಂಡು ಬರುತ್ತದೆಂಬ ಸುದ್ದಿ, ಇವುಗಳ ನಡುವೆ ಒಂದು ಹೆಣ.

ಅಂದಿನಿಂದ ಆ ಮನೆಯಲ್ಲಿ ಎರಡು ಸಂಸಾರ ನಡೆಯಿತು. ಒಂದು, ಟೈರ್ ಅಂಗಡಿಯಿಂದ ಗಂಟುಮುಖ ಹೊತ್ತು ಬರುವ ಗಂಡನದು. ಇನ್ನೊಂದು ಅಡುಗೆಮನೆಯಲ್ಲಿ ಅತ್ತೆ ಸೊಸೆಯರದು. ತರಕಾರಿ ಹೆಚ್ಚುತ್ತಾ, ಪಾತ್ರೆ ಒರೆಸುತ್ತಾ ಇಬ್ಬರೂ ಅರಮನೆಯ ಜನರನ್ನು ನೆರೆಮನೆಯವರಂತೆ ಆಡಿಕೊಳ್ಳುತ್ತಿದ್ದರು. ಮಾಲೆ ಮುಗಿದರೆ ಮತ್ತೆ ಮೊದಲಿನಿಂದ.

"ಕೊಂದೋನು ಯಾರು ಅಂತ ಗೊತ್ತಿದ್ದೂ ಮತ್ತೆ ಯಾಕೆ ಓದ್ತೀರ್ರಪ್ಪ?" ಎಂದು ಗಂಡ ಒಮ್ಮೆ ಗೊಣಗಿದ.

"ಗೊತ್ತಾದ ಮೇಲೇ ಕಣೋ ಮಜಾ," ಎಂದರು ಅತ್ತೆ. "ಅವನು ಎಷ್ಟು ಚೆನ್ನಾಗಿ ಸುಳ್ಳು ಹೇಳ್ತಿದ್ದಾನೆ ಅಂತ ಆವಾಗ ಕಾಣುತ್ತೆ." ಅವನು ಎದ್ದು ಹೋದ ಮೇಲೆ ಸೊಸೆಯ ಕಡೆ ತಿರುಗಿದರು. "ಐದನೇದರಲ್ಲಿ ಆ ಅಡುಗೆಯವನು ಸಿಕ್ಕಿಬಿದ್ದಿದ್ದು ಯಾಕೆ ಹೇಳು? ಎಲ್ಲಾ ನೆನಪಿದೆ ಅಂದ. ನಿಜ ಹೇಳೋರು ಏನಾದ್ರೂ ಒಂದು ಮರೆತಿರ್ತಾರೆ."

ಗಂಡನದು ಮೂಗಿನ ತುದಿಯ ಕೋಪ. ಅಂಗಡಿಯಲ್ಲಿ ಯಾರ ಮೇಲೋ ಬಂದ ಸಿಟ್ಟನ್ನು ಮನೆಗೆ ತಂದು ಇವಳ ಮೇಲೆ ಸುರಿಯುತ್ತಿದ್ದ. ಒಂದು ಸಂಜೆ ಮಾತಿಗೆ ಮಾತು ಬೆಳೆದು ಅವಳನ್ನು ದಬ್ಬಿದ. ಅಡುಗೆಮನೆಯ ಕಬ್ಬಿಣದ ಬಾಗಿಲಿಗೆ ಬಡಿದು ಬಲಗೈ ಮಣಿಕಟ್ಟು ಮುರಿಯಿತು. ಅತ್ತೆ ಎದುರಿನ ಕುರ್ಚಿಯಲ್ಲೇ ಇದ್ದರು. ಮಡಿಲಲ್ಲಿ ಪುಸ್ತಕ ತೆರೆದೇ ಇತ್ತು.

ಒದ್ದೆ ಟವೆಲ್ ಸುತ್ತಿ ಆಸ್ಪತ್ರೆಗೆ ಕರೆದೊಯ್ದದ್ದು ಅವರೇ. ದಾರಿಯಲ್ಲಿ ಅವಳ ಕಿವಿಯ ಹತ್ತಿರ ಬಗ್ಗಿ, "ಡಾಕ್ಟರು ಕೇಳಿದ್ರೆ ಬಚ್ಚಲಲ್ಲಿ ಜಾರಿದೆ ಅನ್ನು ಮಗಳೇ. ಇದೊಂದು ಸಲ," ಎಂದರು. ಅವಳು ಹಾಗೇ ಹೇಳಿದಳು.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಷ್ಟು ದಿನವೂ ಅತ್ತೆ ಅವಳ ತಲೆ ಬಾಚಿದರು, ತುತ್ತು ಕಲಸಿ ತಿನ್ನಿಸಿದರು. ಪುಟ ತಿರುಗಿಸಲು ತ್ರಾಸವೆಂದು ಹನ್ನೆರಡನೆಯ ಪುಸ್ತಕವನ್ನು ಪೂರ್ತಿ ಗಟ್ಟಿಯಾಗಿ ಓದಿ ಹೇಳಿದರು, ರಾಣಿಗೆ ಒಂದು ದನಿ, ಸೇನಾಪತಿಗೆ ಒಂದು ದನಿ ಮಾಡಿಕೊಂಡು. ಇಂಥ ಅತ್ತೆ ಯಾರಿಗಿದ್ದಾರೆ ಅನ್ನಿಸಿ ಅವಳ ಕಣ್ಣು ತುಂಬಿ ಬರುತ್ತಿತ್ತು.

ಮಣಿಕಟ್ಟು ಕೂಡಿಕೊಂಡಿತು, ನೆಟ್ಟಗೆ ಕೂಡಲಿಲ್ಲ. ಮೇಣದ ಚಾಕು ಹಿಡಿದರೆ ಬೆರಳು ನಡುಗುತ್ತಿತ್ತು. ಲ್ಯಾಬಿನ ಯಜಮಾನರು ಅವಳನ್ನು ಹಲ್ಲು ಜೋಡಿಸುವ ಮೇಜಿನಿಂದ ಎಬ್ಬಿಸಿ ಪ್ಲಾಸ್ಟರ್ ಕಲಸುವ ತೊಟ್ಟಿಯ ಹತ್ತಿರ ನಿಲ್ಲಿಸಿದರು. ಗಂಡ ಮತ್ತೊಮ್ಮೆ ಕೈಯೆತ್ತಿದ ದಿನ ಅವಳು ಉಟ್ಟ ಬಟ್ಟೆಯಲ್ಲೇ ಅಕ್ಕನ ಮನೆಗೆ ಹೋದಳು. ಕೇಸು ಹಾಕಿದಳು.

"ಆಸ್ಪತ್ರೆ ಚೀಟೀಲಿ ಜಾರಿ ಬಿದ್ದಿದ್ದು ಅಂತಿದೆ," ಎಂದರು ವಕೀಲೆ. "ನೋಡಿದವರು ಅಂದ್ರೆ ನಿಮ್ಮತ್ತೆ ಒಬ್ಬರೇ. ಅವರು ನಿಜ ಹೇಳ್ತಾರಾ?"

"ಹೇಳ್ತಾರೆ."

"ಅವರು ಅವನ ತಾಯಿ."

"ನಿಮಗೆ ಅವರು ಗೊತ್ತಿಲ್ಲ ಮೇಡಂ. ಸುಳ್ಳು ಸಾಕ್ಷಿ ಹೇಳೋರನ್ನ ಕಂಡರೆ ಅವರಿಗಾಗಲ್ಲ."

ವಕೀಲೆ ಪೆನ್ನಿನ ಮುಚ್ಚಳ ಹಾಕಿದರು. ಅವಳಿಗೆ ಆ ನಂಬಿಕೆ ಎಲ್ಲಿಂದ ಬಂತೆಂದು ಅವರು ಕೇಳಲಿಲ್ಲ. ಕೇಳಿದ್ದರೂ ಪುಸ್ತಕದ ಹೆಸರು ಹೇಳಲು ಅವಳಿಗೆ ನಾಚಿಕೆಯಾಗುತ್ತಿತ್ತು.

ಕೋರ್ಟಿನಲ್ಲಿ ಅತ್ತೆ ಬೂದು ಬಣ್ಣದ ಶಾಲು ಹೊದ್ದು, ಕಟಕಟೆಯ ಅಂಚು ಹಿಡಿದು ನಿಂತರು. ದನಿ ಸಣ್ಣದಾಗಿತ್ತು, ಸ್ಪಷ್ಟವಾಗಿತ್ತು.

"ಬಚ್ಚಲಿಂದ ಸದ್ದು ಬಂತು. ಹೋಗಿ ನೋಡಿದ್ರೆ ಬಿದ್ದಿದ್ದಳು. ಸೋಪು ಬಾಗಿಲ ತನಕ ಜಾರಿಕೊಂಡು ಬಂದಿತ್ತು, ಹಸಿರು ಸೋಪು. ಅವಸರದಲ್ಲಿ ನಾನೇ ತುಳೀತಿದ್ದೆ."

"ಆಗ ಸಮಯ ಎಷ್ಟಾಗಿತ್ತು?" ಎಂದರು ನ್ಯಾಯಾಧೀಶರು.

ಅತ್ತೆ ತಡವರಿಸಿದರು. ಹಣೆ ಒತ್ತಿಕೊಂಡರು. "ಅದು ನೆನಪಿಲ್ಲ ಸ್ವಾಮಿ. ಒಲೆ ಮೇಲೆ ಹಾಲಿಟ್ಟಿದ್ದೆ, ಅದು ಉಕ್ಕಿಹೋಯ್ತು. ಅಷ್ಟೇ ಗೊತ್ತು."

ನ್ಯಾಯಾಧೀಶರು ತಲೆಯಾಡಿಸಿ ಬರೆದುಕೊಂಡರು. ಅತ್ತೆ ಸುಳ್ಳು ಹೇಳಿದರೆಂಬುದಕ್ಕಿಂತ, ಎಷ್ಟು ಚೆನ್ನಾಗಿ ಹೇಳಿದರೆಂಬುದು ಅವಳನ್ನು ಅಲ್ಲಾಡಿಸಿತು. ಆ ತಡವರಿಕೆ, ಆ ಮರೆವು, ಆ ಉಕ್ಕಿದ ಹಾಲು ಎಲ್ಲಿಂದ ಬಂದವೆಂದು ಆ ಕೋಣೆಯಲ್ಲಿ ಬಲ್ಲವಳು ಅವಳೊಬ್ಬಳೇ. ಅಡುಗೆಯವನು ಮಾಡಿದ ತಪ್ಪನ್ನು ಅತ್ತೆ ಮಾಡಲಿಲ್ಲ. ಇಷ್ಟು ವರ್ಷ ಇಬ್ಬರೂ ಒಂದೇ ಪುಟ ಓದಿದ್ದರು. ಒಬ್ಬಳು ದೀವಟಿಗೆಯವಳ ಪಕ್ಕ ನಿಂತು ಓದಿದ್ದರೆ, ಇನ್ನೊಬ್ಬರು ಎದುರಿಗೆ ನಿಂತು ಸುಳ್ಳು ಹೇಳುವವರಿಂದ ಪಾಠ ಕಲಿತಿದ್ದರು.

ಕೇಸು ಬಿದ್ದುಹೋಯಿತು. ಆಮೇಲೆ ಯಾರೂ ಯಾರಿಗೂ ಏನೂ ಕೊಡುವುದಿಲ್ಲವೆಂಬ ಒಪ್ಪಂದದ ಮೇಲೆ ವಿಚ್ಛೇದನವಾಯಿತು. ಅಕ್ಕನ ಮನೆಯ ಅಟ್ಟದಲ್ಲಿದ್ದ ತನ್ನ ಹಳೆಯ ಎಂಟನೆಯ ಪುಸ್ತಕ ತೆಗೆದು ಓದಲು ಕೂತಳು. ಹತ್ತು ಪುಟ ಸಾಗಲಿಲ್ಲ. ರಾಣಿಗೂ ಸೇನಾಪತಿಗೂ ಅತ್ತೆಯ ದನಿಯೇ ಬರುತ್ತಿತ್ತು.

ಎರಡು ವರ್ಷದ ಮೇಲೆ ಒಂದು ದಿನ ಅತ್ತೆ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು. ಇಳಿದುಹೋಗಿದ್ದರು. ಕೈಯಲ್ಲಿ ಮಾಲೆಯ ಹೊಸ ಪುಸ್ತಕ, ಅಂಗಡಿಯ ಕಾಗದ ಇನ್ನೂ ಬಿಚ್ಚಿರಲಿಲ್ಲ. ಅವಳು ಪ್ಲಾಸ್ಟರ್ ಮೆತ್ತಿದ ಕೈಯಲ್ಲೇ ಹೊರಗೆ ಬಂದಳು.

"ಇದು ಬಂದು ತಿಂಗಳಾಯ್ತು," ಎಂದರು ಅತ್ತೆ. "ಒಬ್ಬಳೇ ಓದೋಕೆ ಮನಸ್ಸು ಬರಲಿಲ್ಲ. ನೀನು ಮೊದಲು ಓದು."

"ಕೋರ್ಟಲ್ಲಿ ಹಾಗ್ಯಾಕೆ ಹೇಳಿದ್ರಿ?"

ಅತ್ತೆ ಬೀದಿಯ ಕಡೆ ನೋಡಿದರು. "ಮಗ ಕಣೇ. ಜೈಲಿಗೆ ಹೋಗ್ತಿದ್ದ."

"ನನ್ನ ಕೈ ನೋಡಿ."

ಅವರು ನೋಡಿದರು. ಪುಸ್ತಕವನ್ನು ಇನ್ನಷ್ಟು ಮುಂದೆ ಚಾಚಿದರು.

ಆ ಪುಸ್ತಕ ಹೊರಬಂದ ವಾರವೇ ಅವಳು ಕೊಂಡಿದ್ದಳು. ಹಟಕ್ಕೆ ಬಿದ್ದವಳಂತೆ ಎರಡು ದಿನದಲ್ಲಿ ಓದಿ ಮುಗಿಸಿದ್ದಳು. ಈಗ ಅತ್ತೆಯ ಮುಖವನ್ನೇ ನೋಡುತ್ತಾ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಕೊಂದಿದ್ದು ರಾಣಿ. ದೀವಟಿಗೆಯವಳಿಗೆ ಮೊದಲಿಂದ ಗೊತ್ತಿತ್ತು. ಹೇಳಲಿಲ್ಲ. ಮಾಲೆ ಇಲ್ಲಿಗೆ ಮುಗೀತು, ಇನ್ನು ಬರಲ್ಲ."

ಅತ್ತೆಯ ಚಾಚಿದ ಕೈ ಕೆಳಗಿಳಿಯಿತು. ಅವರು ಬೈಯುತ್ತಾರೆ, ಅಳುತ್ತಾರೆ ಎಂದು ಅವಳು ಕಾದಳು. ಆದರೆ ಅವರ ಮುಖದಲ್ಲಿ ಹಳೆಯ ಅಡುಗೆಮನೆಯ ಮಾತುಕತೆಯ ಕಳೆ ಬಂತು. "ರಾಣಿನಾ?" ಎಂದರು ಮೆಲ್ಲಗೆ. "ಅಲ್ಲ, ನಿನಗೆ ಎಲ್ಲಿ ಅನುಮಾನ ಬಂತು?"

"ಬಾವಿಯ ಹತ್ತಿರ," ಎಂದುಬಿಟ್ಟಿದ್ದಳು, ತುಟಿ ಕಚ್ಚಿಕೊಳ್ಳುವ ಮೊದಲೇ.

ಅತ್ತೆ ತಲೆಯಾಡಿಸಿ, ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದು ಹೋದರು. ಕೊನೆಗೂ ಅವರು ಏನನ್ನೋ ಪಡೆದುಕೊಂಡೇ ಹೋದಂತಿತ್ತು. ಅವಳಿಗೆ ಮೈ ಉರಿಯಿತು. ಅದಕ್ಕಿಂತ ಹೆಚ್ಚಾಗಿ, ಬಾವಿಯ ಕಟ್ಟೆಯ ಆ ಒಂದು ಸಾಲಿನ ಬಗ್ಗೆ ಇನ್ನೂ ಹೇಳುವುದಿತ್ತಲ್ಲ ಎಂದು ಚಡಪಡಿಸುತ್ತಿದ್ದ ತನ್ನ ನಾಲಗೆಯ ಮೇಲೆ ಸಿಟ್ಟು ಬಂತು.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ, ಲ್ಯಾಬಿನಲ್ಲಿ ಪಾಲಿಶ್ ಮಷೀನು ನಡೆಸುವ ಹೆಂಗಸಿಗೆ ಆ ಕತೆ ಹೇಳತೊಡಗಿದಳು. ರಾಣಿ, ಬಾವಿ, ದೀವಟಿಗೆ. ಆ ಹೆಂಗಸು ನಾಲ್ಕು ಮಾತು ಕೇಳಿಸಿಕೊಂಡು, ಬೆಳಗ್ಗೆ ಸುರಿದ ಅಚ್ಚು ಒಣಗಿದೆಯಾ ನೋಡು ಎಂದಳು. ಅವಳು ಎದ್ದು ಹೋಗಿ ಬೆರಳಿನಿಂದ ಒತ್ತಿ ನೋಡಿದಳು. ಇನ್ನೂ ಹಸಿಯಿತ್ತು.